ದಿನಾ ಹೊಲಕ್ಕೆ ನಡೆಯುವ ಅಪ್ಪ ಆಸ್ಪತ್ರೆಯಲ್ಲಿ ಬೀಳ್ತಾರಾ?

ಪ್ರಶ್ನೆ: ಅಪ್ಪನಿಗೆ ಎಪ್ಪತ್ತು ವರ್ಷ, ಶುಗರ್ ಇದೆ. ನ್ಯುಮೋನಿಯಾ ಆಗಿ ಗದಗದಿಂದ ಹುಬ್ಬಳ್ಳಿಗೆ ತಂದು ಅಡ್ಮಿಟ್ ಮಾಡಿದ್ದೇವೆ. ಊರಲ್ಲಿ ದಿನಾ ಹೊಲಕ್ಕೆ ನಡೆದೇ ಹೋಗುತ್ತಾರೆ. ಇಲ್ಲಿ ಸಿಸ್ಟರ್ ಏನೇನೋ ಕೇಳಿ, ಅಂಕ ಹಾಕಿ, ‘ಬೀಳುವ ಅಪಾಯ ಜಾಸ್ತಿ’ ಎಂದು ಬರೆದರು. ಒಬ್ಬರೇ ಬಾತ್‌ರೂಮಿಗೆ ಹೋಗಬಾರದಂತೆ. ಅಪ್ಪನಿಗೆ ಸಿಟ್ಟು ಬಂದಿದೆ. ಇದು ಅತಿಯಾಯ್ತು ಅಲ್ವಾ?

ಉತ್ತರ: ಇಲ್ಲ. ಸಿಸ್ಟರ್ ನೋಡುತ್ತಿರುವುದು ಊರಲ್ಲಿದ್ದ ಅಪ್ಪನನ್ನಲ್ಲ, ಇವತ್ತು ಮಂಚದ ಮೇಲಿರುವವರನ್ನು.

ಅನೇಕ ಆಸ್ಪತ್ರೆಗಳು ಬಳಸುವ ಪಟ್ಟಿಯ ಹೆಸರು ಮಾರ್ಸ್ ಫಾಲ್ ಸ್ಕೇಲ್. ಆರೇ ಅಂಶ, ಗರಿಷ್ಠ 125 ಅಂಕ. 45 ಮುಟ್ಟಿದರೆ ಸಾಮಾನ್ಯವಾಗಿ ಅಪಾಯ ಜಾಸ್ತಿ ಎಂದು ಹಿಡಿಯುತ್ತಾರೆ. ನಿಮ್ಮ ಅಪ್ಪನ ಲೆಕ್ಕ ಹಾಕೋಣ. ನ್ಯುಮೋನಿಯಾ ಜೊತೆ ಶುಗರ್, ಅಂದರೆ ಎರಡನೇ ಕಾಯಿಲೆ: 15. ಕೈಗೆ ಸಲೈನ್: 20. ಜ್ವರದಿಂದ ನಡಿಗೆ ಸೋತಿದ್ದರೆ: 10. ಅಲ್ಲಿಗೆ 45 ಆಯಿತು. ಕೋಲಿದ್ದರೆ ಮತ್ತೆ 15. ಮಂಚ, ಕುರ್ಚಿ ಹಿಡಿದು ಹಿಡಿದು ನಡೆದರೆ 30, ಕೋಲಿಗಿಂತ ಜಾಸ್ತಿ!

ಇನ್ನೊಂದು ಅಂಶ ಮಜವಾಗಿದೆ. ‘ನೀವೊಬ್ಬರೇ ಬಾತ್‌ರೂಮಿಗೆ ಹೋಗ್ತೀರಾ?’ ಎಂದು ಕೇಳುತ್ತಾರೆ. ಕಾಲಲ್ಲಿ ಬಲವಿಲ್ಲದೆಯೂ ‘ಓ, ನಾನs ಹೊಕ್ಕೇನಿ’ ಅಂದರೆ 15 ಅಂಕ. ಅಪ್ಪನ ಸಿಟ್ಟಿಗೂ ಇಲ್ಲಿ ಬೆಲೆ ಇದೆ ನೋಡಿ.

ಮನೆಯವರು ಎಡವುವುದು ಒಂದೇ ಪ್ರಶ್ನೆಯಲ್ಲಿ: ಮೂರು ತಿಂಗಳೊಳಗೆ ಬಿದ್ದಿದ್ದರಾ? ಹೌದಾದರೆ 25. ‘ಛೇ, ಇಲ್ರಿ’ ಎಂದುಬಿಡುತ್ತೇವೆ. ಬಚ್ಚಲಲ್ಲಿ ಜಾರಿ ಕೂತದ್ದು ನಮ್ಮ ಲೆಕ್ಕದಲ್ಲಿ ಬಿದ್ದದ್ದೇ ಅಲ್ಲ! ಅಪ್ಪನ ಮುಂದೆ ಹೇಳಲು ಮುಜುಗರವಾದರೆ ಹೊರಗೆ ಕರೆದು ಹೇಳಿ. ನಿದ್ರೆ ಮಾತ್ರೆ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನೂ ತಿಳಿಸಿ. ಪಟ್ಟಿಯಲ್ಲಿ ಇಲ್ಲದಿದ್ದರೂ ಬೀಳಿಸುವಂಥವೇ ಇವು.

ರಾತ್ರಿ ಬಾತ್‌ರೂಮಿಗೆ ಎದ್ದಾಗಲೇ ಎಚ್ಚರ ಬೇಕು. ಮಲಗಿದವರು ತಟ್ಟನೆ ನಿಂತರೆ ಬಿಪಿ ಇಳಿದು ಕಣ್ಣು ಕತ್ತಲೆ ಬರಬಹುದು. ಸ್ವಲ್ಪ ಹೊತ್ತು ಕಾಲು ಇಳಿಬಿಟ್ಟು ಕೂರಿಸಿ, ತಲೆ ಸುತ್ತಿದರೆ ಎಬ್ಬಿಸಬೇಡಿ. ಮಲಗುವ ಮುಂಚೆಯೇ ಒಮ್ಮೆ ಕರೆದುಕೊಂಡು ಹೋಗಿ. ಧೋತರದ ಅಂಚು ಕಾಲಿಗೆ ಸಿಗದಿರಲಿ, ಸವೆದ ಚಪ್ಪಲಿ ಬೇಡ. ಮಂಚದ ಪಕ್ಕದ ಸರಳು ಎತ್ತಿದ್ದೇವಲ್ಲ ಎಂದು ಚಹಾ ಕುಡಿಯಲು ಹೋಗಬೇಡಿ. ಗೊಂದಲದಲ್ಲಿರುವ ರೋಗಿ ಅದನ್ನೇ ಹತ್ತಿ ದಾಟಲು ನೋಡಿದರೆ ಇನ್ನೂ ಎತ್ತರದಿಂದ ಬೀಳುತ್ತಾರೆ.

ಈ ಅಂಕ ಕೊನೆತನಕ ಹಾಗೇ ಇರುವುದಿಲ್ಲ. ಜ್ವರ ಇಳಿದು, ಕೈಯಿಂದ ಸೂಜಿ ತೆಗೆದ ಮೇಲೆ ಮತ್ತೊಮ್ಮೆ ಎಣಿಸಲು ಸಿಸ್ಟರ್‌ಗೆ ಕೇಳಿ. ಸಲೈನ್ ನಿಲ್ಲಿಸಿ ಸೂಜಿ ಹಾಗೇ ಬಿಟ್ಟಿದ್ದರೆ ಮಾತ್ರ ಆ 20 ಇಳಿಯುವುದಿಲ್ಲ.