ಪರ್ಜ್: ಹೊಟ್ಟೆ ತೊಳೆಯುತ್ತಿದ್ದ ಪದ ಮನುಷ್ಯರನ್ನು ತೊಳೆದದ್ದು

ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೆ 'ಪರ್ಜ್' ಅನ್ನುವ ಪದ ಗೊತ್ತಿರುತ್ತದೆ. ಲಿನಕ್ಸಿನದೇ ಒಂದು ಬಗೆಯಾದ ಉಬುಂಟುವಿನಲ್ಲಿ ಒಂದು ಸಾಫ್ಟ್‌ವೇರನ್ನು 'ರಿಮೂವ್' ಮಾಡಿದರೆ ಅದು ಹೋಗುತ್ತದೆ, ಆದರೆ ಸಿಸ್ಟಂನಲ್ಲಿರುವ ಅದರ ಸೆಟ್ಟಿಂಗ್ ಫೈಲುಗಳು ಅಲ್ಲೇ ಕೂತಿರುತ್ತವೆ. 'ಪರ್ಜ್' ಮಾಡಿದರೆ ಅವೂ ಹೋಗುತ್ತವೆ.

ಮೂಲ ಲ್ಯಾಟಿನ್‌ನ 'ಪುರ್ಗಾರೆ', ಅಂದರೆ ಚೊಕ್ಕ ಮಾಡು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗ ಇದು ಹೆಚ್ಚಾಗಿ ಪಾದ್ರಿಗಳ, ವೈದ್ಯರ ಪದ. ಸತ್ತವರ ಪಾಪ ತೊಳೆಯುವ ಪರ್ಗೆಟರಿ ಒಂದು ಕಡೆ, ಬದುಕಿದ್ದವರ ಹೊಟ್ಟೆ ತೊಳೆಯುವ ಪರ್ಗೆಟಿವ್ ಇನ್ನೊಂದು ಕಡೆ. ಎರಡನೆಯದು ನಮ್ಮ ಭೇದಿ ಮಾತ್ರೆ. ಆಣೆ ಇಟ್ಟು ಆರೋಪ ತೊಳೆದುಕೊಳ್ಳುವುದಕ್ಕೂ ಇದೇ ಪದ ಇತ್ತು. ಇಲ್ಲೆಲ್ಲ ಹೋಗುವುದು ಕೊಳೆ, ಮನುಷ್ಯ ಉಳಿಯುತ್ತಾನೆ.

ರಾಜಕೀಯಕ್ಕೆ ಬಂದಾಗ ಮನುಷ್ಯನೇ ಕೊಳೆಯಾದ. 1648ರ ಡಿಸೆಂಬರ್ 6ರಂದು ಕರ್ನಲ್ ಥಾಮಸ್ ಪ್ರೈಡ್ ಸೈನಿಕರ ಜೊತೆ ಇಂಗ್ಲೆಂಡಿನ ಸಂಸತ್ತಿನ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತ, ರಾಜ ಒಂದನೇ ಚಾರ್ಲ್ಸ್ ಜೊತೆ ರಾಜಿ ಬೇಕೆಂದ ಸದಸ್ಯರನ್ನು ಒಳಗೇ ಬಿಡಲಿಲ್ಲ. ಇದು 'ಪ್ರೈಡ್ಸ್ ಪರ್ಜ್'. ಉಳಿದ ಸಂಸತ್ತಿಗೆ ಜನ ಇಟ್ಟ ಹೆಸರು 'ರಂಪ್', ಅಂದರೆ ಪ್ರಾಣಿಯ ಹಿಂಭಾಗ. ಭೇದಿಯ ನೆನಪು ಪೂರ್ತಿ ಹೋಗಿರಲಿಲ್ಲವೇನೋ!

ಪದಕ್ಕೆ ರಕ್ತದ ವಾಸನೆ ಗಟ್ಟಿಯಾಗಿ ಅಂಟಿದ್ದು ಸೋವಿಯತ್ ರಷ್ಯಾದಲ್ಲಿ. ಅಲ್ಲಿನ ಪದ 'ಚಿಸ್ತ್ಕಾ', ಅಂದರೆ ಚೊಕ್ಕ ಮಾಡುವುದು, ದಿನಬಳಕೆಯ ಸಾದಾ ಪದ. ಡ್ರೈಕ್ಲೀನಿಂಗಿಗೆ ಇವತ್ತಿಗೂ 'ಖಿಮ್‌ಚಿಸ್ತ್ಕಾ' ಅಂತಲೇ ಹೇಳುತ್ತಾರೆ. 1921ರಲ್ಲಿ ಕಮ್ಯುನಿಸ್ಟ್ ಪಕ್ಷ ಚಿಸ್ತ್ಕಾ ನಡೆಸಿದಾಗ ಸದಸ್ಯರನ್ನು ವಿಚಾರಿಸಿ, ಬೇಡವಾದವರ ಪಕ್ಷದ ಕಾರ್ಡ್ ಕಿತ್ತುಕೊಳ್ಳುತ್ತಿದ್ದರು, ಅಷ್ಟೇ. 1937–38ಕ್ಕೆ ಬರುವಷ್ಟರಲ್ಲಿ ಕಾರ್ಡ್ ಹೋದರೆ ಜೀವವೂ ಹೋಗಬಹುದು ಅನ್ನುವ ಸ್ಥಿತಿ, ಪಕ್ಷಕ್ಕೆ ಸಂಬಂಧವೇ ಇಲ್ಲದ ರೈತರು, ಕೂಲಿಗಳು ಕೂಡ ಸಿಕ್ಕಿಬಿದ್ದರು. ಆ ಎರಡು ವರ್ಷಗಳಲ್ಲಿ ಗುಂಡಿಗೆ ಬಲಿಯಾದವರು, ರಹಸ್ಯ ಪೊಲೀಸರ ದಾಖಲೆಗಳ ಪ್ರಕಾರವೇ, ಸುಮಾರು 6.8 ಲಕ್ಷ.

ಇದನ್ನು ಕನ್ನಡದಲ್ಲಿ 'ಮಹಾ ಶುದ್ಧೀಕರಣ' ಅಂತ ಬರೆದರೆ ನನಗೆ ಕಸಿವಿಸಿ. ಸತ್ತವರು ಕೊಳೆ ಅಂತ ನಾವೂ ಒಪ್ಪಿದ ಹಾಗೆ, ಅಲ್ವಾ? 'ಉಚ್ಚಾಟನೆ' ಅಂದರೆ ಸಾಲದು, ಅದು ಪಕ್ಷದಿಂದ ಹೊರಹಾಕುವುದಷ್ಟೇ. ಸುಮ್ನೆ 'ಪರ್ಜ್' ಅಂತ ಬಿಟ್ಟು, ಏನು ನಡೆಯಿತು ಅಂತ ಪಕ್ಕದಲ್ಲಿ ಬರೆಯುವುದು ವಾಸಿ.

1937–38ರಲ್ಲಿ ಆ ರಹಸ್ಯ ಪೊಲೀಸರ ಮುಖ್ಯಸ್ಥನಾಗಿದ್ದವನು ನಿಕೊಲಾಯ್ ಯೆಜೊವ್. 1940ರಲ್ಲಿ ಅವನನ್ನೂ ಕೊಂದರು. ಕಾಲುವೆ ದಂಡೆಯಲ್ಲಿ ಸ್ಟಾಲಿನ್ ಪಕ್ಕ ಅವನು ನಿಂತಿದ್ದ ಒಂದು ಫೋಟೋ ಇದೆ. ತಿದ್ದಿದ ಪ್ರತಿಯಲ್ಲಿ ಅವನಿದ್ದ ಜಾಗದಲ್ಲಿ ಬರೀ ನೀರು ಕಾಣುತ್ತದೆ.