ಎಚ್‌ಐವಿ ಸರ್ವೇಗೆ ಬಂದವರು ನಿದ್ದೆ ಬಗ್ಗೆ ಯಾಕೆ ಕೇಳ್ತಾರೆ?

ಪ್ರಶ್ನೆ: ಎಚ್‌ಐವಿ ತಡೆಯ ಸರ್ವೇ ಅಂತ ಬರ್ತಾರೆ. ಆಮೇಲೆ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ನಿದ್ದೆ ಬರುತ್ತಾ, ಅಳು ಬರುತ್ತಾ, ಸಾಯಬೇಕು ಅನಿಸಿತ್ತಾ ಅಂತೆಲ್ಲ ಕೇಳ್ತಾರೆ. ಇದಕ್ಕೂ ಅದಕ್ಕೂ ಏನು ಸಂಬಂಧ?

ಸಂಬಂಧ ಖಂಡಿತ ಇದೆ. ಎಚ್‌ಐವಿ ಇರುವವರು ದಿನಾ ತಪ್ಪದೆ ಮಾತ್ರೆ ತಗೊಂಡು, ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಇಳಿದು, ಹಾಗೇ ಉಳಿದರೆ ಅವರಿಂದ ಲೈಂಗಿಕ ಸಂಪರ್ಕದಲ್ಲಿ ಇನ್ನೊಬ್ಬರಿಗೆ ಹರಡುವುದಿಲ್ಲ. ಅಂದ್ರೆ ಮಾತ್ರೆಯೇ ತಡೆ. ಆದರೆ ಹದಿನಾರು ವರ್ಷದ ಹುಡುಗಿಯೊಬ್ಬಳು, ಯಾರಿಗೂ ಗೊತ್ತಾಗಬಾರದು ಅಂತ ಡಬ್ಬಿಯನ್ನು ಬಟ್ಟೆ ಮಧ್ಯೆ ಬಚ್ಚಿಟ್ಟು, ರಾತ್ರಿಯೆಲ್ಲ ಅದನ್ನೇ ಯೋಚಿಸುತ್ತ ಹೊರಳಾಡುತ್ತಿದ್ದರೆ, ಎಷ್ಟು ದಿನ ತಪ್ಪದೆ ನುಂಗುತ್ತಾಳೆ ಹೇಳಿ? ಮನಸ್ಸು ಕುಸಿದವರಿಗೆ ಮಾತ್ರೆ ತಪ್ಪುವುದು ಜಾಸ್ತಿ.

ಜಿಂಬಾಬ್ವೆಯಲ್ಲಿ ಇದರ ಮೇಲೆ ಗಟ್ಟಿ ಕೆಲಸ ಆಗಿದೆ. ಅಲ್ಲಿನ ಜ್ವಂದಿರಿ ಕಾರ್ಯಕ್ರಮದಲ್ಲಿ ಎಚ್‌ಐವಿ ಇರುವ ಮಕ್ಕಳ ಮನೆಗೆ ಹೋಗಿ ವಿಚಾರಿಸುವವರು ಡಾಕ್ಟರುಗಳಲ್ಲ, ಸ್ವತಃ ಎಚ್‌ಐವಿ ಜೊತೆ ಬದುಕುತ್ತಿರುವ 18ರಿಂದ 24 ವರ್ಷದವರು. ಬಿಂದುರಾ, ಶಾಮ್ವಾ ಜಿಲ್ಲೆಗಳ ಅಧ್ಯಯನ 2020ರಲ್ಲಿ ಪ್ರಕಟವಾಯಿತು: ಸುಮಾರು ಎರಡು ವರ್ಷದ ಕೊನೆಗೆ ವೈರಸ್ಸು ಹತೋಟಿ ತಪ್ಪಿದವರು ಅಥವಾ ತೀರಿಕೊಂಡವರು, ಈ ಜೊತೆಗಾರರಿದ್ದ ಕಡೆ 25%, ಇಲ್ಲದ ಕಡೆ 36%.

ಅದೇ ದೇಶದ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಿಂದ ಅಜ್ಜಿಯರಿಗೆ ತರಬೇತಿ ಕೊಟ್ಟು, ಕ್ಲಿನಿಕ್ ಹೊರಗಿನ ಬೆಂಚಿನ ಮೇಲೆ ಕೂತು ಜನರ ಕಷ್ಟ ಕೇಳುವ ಏರ್ಪಾಡು ಮಾಡಿದ್ದರು. ಒಂದೊಂದೇ ಸಮಸ್ಯೆ ಹಿಡಿದು ದಾರಿ ಹುಡುಕುವ ಆ ಬಗೆಯ ಮಾತುಕತೆಯನ್ನು ಮುಂದೆ ಈ ಯುವ ಜೊತೆಗಾರರಿಗೂ ಕಲಿಸಿ, 60 ಕ್ಲಿನಿಕ್‌ಗಳಲ್ಲಿ ಪರೀಕ್ಷಿಸಿದರು. ಮನಸ್ಸಿನ ತೊಂದರೆಯ ಲಕ್ಷಣ ಉಳಿದದ್ದು ಆ ಮಾತುಕತೆ ಸಿಕ್ಕ ಗುಂಪಿನಲ್ಲಿ 2.4%, ಸಿಗದ ಗುಂಪಿನಲ್ಲಿ 10.3%. ವೈರಸ್ಸಿನ ವಿಷಯದಲ್ಲಿ ಮಾತ್ರ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿಗೆ ಜೊತೆಗಾರರ ನೆರವು ಮೊದಲೇ ಇತ್ತು ಅನ್ನೋದನ್ನೂ ನೆನಪಿಡಬೇಕು. ನನ್ನ ಪ್ರಕಾರ, ವೈರಸ್ಸು ಇಳಿಯದಿದ್ದರೂ ಒಂದು ಮಗುವಿನ ಮನಸ್ಸು ಹಗುರಾಗುವುದು ಸಣ್ಣ ವಿಷಯವಲ್ಲ.

ಅಲ್ಲಿ ಕೇಳುವ ಪಟ್ಟಿಯಲ್ಲಿ 14 ಪ್ರಶ್ನೆ, ಹೌದು ಅಥವಾ ಇಲ್ಲ ಅಂದರೆ ಸಾಕು. ಕಳೆದ ವಾರ ಯೋಚನೆ ಜಾಸ್ತಿ ಆಗಿತ್ತಾ, ಹೊಟ್ಟೆ ನೋವಿತ್ತಾ, ನಿದ್ದೆ ಬರಲಿಲ್ವಾ, ಹೀಗೆ. ಸಾಯುವ ಯೋಚನೆಯೂ ಅದರಲ್ಲೇ ಇದೆ. ಅದಕ್ಕೆ ಹೌದು ಅಂದವರನ್ನು ಅವತ್ತೇ ನೋಡಿಕೊಳ್ಳುವ ಏರ್ಪಾಡು ಇಲ್ಲದೆ ಸುಮ್ನೆ ಗುರುತು ಹಾಕಿಕೊಂಡು ಹೋಗುವುದು ತಪ್ಪು.

ಹಾಗಾಗಿ ನಿಮ್ಮ ಮನೆಗೆ ಯಾರಾದರೂ ಬಂದರೆ ಅಂಥ ಏರ್ಪಾಡು ಇದೆಯಾ ಅಂತಲೇ ಮೊದಲು ಕೇಳಿ. ಬೇಡ ಅನಿಸಿದ ಪ್ರಶ್ನೆ ಬಿಡಬಹುದು. 18 ತುಂಬದವರಾದರೆ ಪೋಷಕರ ಒಪ್ಪಿಗೆಯ ಜೊತೆ ಆ ಮಗುವನ್ನೂ ಕೇಳಲೇಬೇಕು. ಸರ್ವೇ ಬರಲಿ ಬಿಡಲಿ, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ ಸಹಾಯವಾಣಿ 14416, ಎಚ್‌ಐವಿ ಮಾಹಿತಿಗೆ 1097, ಎರಡೂ ಉಚಿತ.