‘ಅರ್ಥ ಆಯ್ತಾ?’ ಅಂದರೆ ಆನ್‌ಲೈನ್ ಕ್ಲಾಸಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ಹತ್ತನೇ ತರಗತಿಯ ಮೂವತ್ತು ಮಕ್ಕಳಿಗೆ ಸಂಜೆ ಜೂಮ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. ಎಲ್ಲರ ಕ್ಯಾಮೆರಾ ಆಫ್. ಪ್ರತಿ ಲೆಕ್ಕದ ಕೊನೆಗೆ ‘ಅರ್ಥ ಆಯ್ತಾ?’ ಎಂದರೆ ಒಬ್ಬಿಬ್ಬರು ‘ಹೂಂ ಮಿಸ್’ ಅನ್ನುತ್ತಾರೆ, ಉಳಿದವರು ಗಪ್‌ಚಿಪ್. ಟೆಸ್ಟ್ ಕೊಟ್ಟಾಗಲೇ ಬಂಡವಾಳ ಬಯಲಾಗುವುದು. ಕ್ಯಾಮೆರಾ ಕಡ್ಡಾಯ ಮಾಡಲೇ?

ಉತ್ತರ: ಕಡ್ಡಾಯ ಬೇಡ. ಗಂಟೆಗಟ್ಟಲೆ ವಿಡಿಯೊ ಹಾಕಿಕೊಂಡರೆ ಮನೆಯವರ ದಿನದ ಡೇಟಾ ಪ್ಯಾಕ್ ಅದಕ್ಕೇ ಖಾಲಿ. ಜೊತೆಗೆ ಹಿಂದೆ ಅಡುಗೆಮನೆಯೋ ಮಲಗಿರುವ ಅಜ್ಜನೋ ಕಾಣುವ ಮುಜುಗರ ಬೇರೆ. ಬದಲಿಸಬೇಕಾದದ್ದು ನೀವು ಕೇಳುವ ಪ್ರಶ್ನೆಯನ್ನು. ‘ಅರ್ಥ ಆಯ್ತಾ’ಗೆ ಹೂಂ ಅನ್ನಲು ಖರ್ಚಿಲ್ಲ, ಇಲ್ಲ ಅನ್ನಬೇಕಾದರೆ ಮೂವತ್ತು ಜನರ ಎದುರು ಮೈಕ್ ಆನ್ ಮಾಡಬೇಕು. ಯಾವ ಹುಡುಗ ಮಾಡುತ್ತಾನೆ?

ಅದರ ಬದಲು ತಪ್ಪು ಎಲ್ಲಿದೆ ಎಂದು ಉತ್ತರವೇ ಹೇಳುವಂಥ ಪ್ರಶ್ನೆ ಹಾಕಿ. ಸಮಾಂತರ ಶ್ರೇಢಿ ನಡೆಯುತ್ತಿದೆ ಎನ್ನಿ. 3, 7, 11... ಇದರ 10ನೇ ಪದ ಯಾವುದು? ಸರಿ ಉತ್ತರ 39: ಮೊದಲ ಪದ 3, ಅದಕ್ಕೆ ಒಂಬತ್ತು (ಹತ್ತರಲ್ಲಿ ಒಂದು ಕಳೆದು) ಸಲ 4 ಕೂಡಿಸಬೇಕು. ಯಾರಾದರೂ 43 ಎಂದರೆ ಹತ್ತರಲ್ಲಿ ಒಂದು ಕಳೆಯುವುದನ್ನು ಬಿಟ್ಟಿದ್ದಾರೆ. 36 ಎಂದರೆ ಒಂಬತ್ತು ನಾಲ್ಕಲಿ ಮಾಡಿ ಮೊದಲ ಪದ ಕೂಡಿಸಲು ಮರೆತಿದ್ದಾರೆ. 40 ಎಂದರೆ ಎರಡೂ ತಪ್ಪು. ಬರೀ ಅಂಕಿ ಕೇಳುವುದರಿಂದ ಫೋನಿನಲ್ಲಿ ಕನ್ನಡ ಟೈಪ್ ಮಾಡುವ ಪರದಾಟವೂ ಇಲ್ಲ.

ಉತ್ತರ ಚಾಟ್‌ನಲ್ಲಿ ತರಿಸುವುದಕ್ಕೂ ಒಂದು ಕ್ರಮವಿದೆ. ಸುಮ್ಮನೆ ‘ಚಾಟ್‌ನಲ್ಲಿ ಹಾಕಿ’ ಎಂದರೆ ತರಗತಿಯ ಜಾಣೆ ಹತ್ತು ಸೆಕೆಂಡಿನಲ್ಲಿ 39 ಹಾಕುತ್ತಾಳೆ, ಹಿಂದೆಯೇ ಇಪ್ಪತ್ತು 39 ಬಂದು ಬೀಳುತ್ತವೆ. ಅದು ಲೆಕ್ಕವಲ್ಲ, ನಕಲು. ಹಾಗಾಗಿ ‘ಬರೆದಿಟ್ಟುಕೊಳ್ಳಿ, ಕಳಿಸಬೇಡಿ’ ಎನ್ನಿ. ಒಂದೂವರೆ ನಿಮಿಷ ಬಿಟ್ಟು ‘ಈಗ ಕಳಿಸಿ’ ಎನ್ನಿ. ಇನ್ನೂ ನಾಚಿಕೆಯ ತರಗತಿಯಾದರೆ ಜೂಮ್‌ನ ಚಾಟ್ ಸೆಟ್ಟಿಂಗ್‌ನಲ್ಲಿ ಮಕ್ಕಳು ಹೋಸ್ಟ್‌ಗೆ ಮಾತ್ರ ಬರೆಯುವಂತೆ ಮಾಡಬಹುದು. ಆಗ ತಪ್ಪು ಉತ್ತರ ಕಾಣುವುದು ನಿಮಗೊಬ್ಬರಿಗೇ. ಅದನ್ನು ಓದುವಾಗ ಹೆಸರು ಹೇಳಬೇಡಿ. ‘ನಾಲ್ಕು ಜನ 43 ಅಂದಿದ್ದೀರಿ, ಎಲ್ಲಿ ಜಾರಿದಿರಿ ನೋಡೋಣ’ ಎಂದರೆ ಸಾಕು.

ಬಾಯಲ್ಲೇ ಉತ್ತರ ಬೇಕಿದ್ದರೆ ಕಾಯಬೇಕು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಮಾಮೂಲಿ ತರಗತಿಗಳಲ್ಲಿ ಗಮನಿಸಿದ್ದೇನೆಂದರೆ, ಪ್ರಶ್ನೆ ಕೇಳಿ ಶಿಕ್ಷಕರು ಕಾಯುವುದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾದವು, ಬಾಯಿ ಬಿಡುವವರೂ ಹೆಚ್ಚಾದರು. ಆನ್‌ಲೈನ್‌ನಲ್ಲಿ ಮೂರೂ ಸಾಲದು. ನಿಮ್ಮ ದನಿ ತಡವಾಗಿ ತಲುಪಬೇಕು, ಹುಡುಗಿ ಪರದೆ ಮುಟ್ಟಿ ಮರೆಯಾದ ಮೈಕ್ ಬಟನ್ ತರಿಸಬೇಕು, ಒತ್ತಬೇಕು, ಆಮೇಲೆ ಮಾತು. ಮನಸ್ಸಿನಲ್ಲೇ ಎಂಟರವರೆಗೆ ಎಣಿಸಿ. ಆ ಮೌನ ನಿಮಗೆ ಯುಗವೆನಿಸುತ್ತದೆ, ಅವರಿಗಲ್ಲ. ಶಾಲೆಯಲ್ಲಿ ಮೊದಲು ಪ್ರಶ್ನೆ, ಆಮೇಲೆ ಹೆಸರು, ಇಲ್ಲಿ ತಿರುಗುಮುರುಗು. ‘ರಮ್ಯಾ, ಈ ಲೆಕ್ಕದ ಮೊದಲ ಹೆಜ್ಜೆ ನೀನು ಹೇಳು, ಎರಡನೆಯದು ಇಮ್ರಾನ್’ ಎಂದು ಮೊದಲೇ ಎಚ್ಚರಿಸಿದರೆ ಇಬ್ಬರ ಮೈಕೂ ಸಿದ್ಧವಾಗಿರುತ್ತದೆ.

ಕ್ಯಾಮೆರಾ ನಿಜವಾಗಿ ಬೇಕಾಗುವುದು ನೋಟ್‌ಬುಕ್ ನೋಡಲು. ಐದೈದು ಮಕ್ಕಳಂತೆ ಒಂದೆರಡು ನಿಮಿಷ ಆನ್ ಮಾಡಿಸಿ. ಪೆನ್ಸಿಲ್ ಬರಹ ಕಾಣದು, ನೀಲಿ ಅಥವಾ ಕಪ್ಪು ಪೆನ್ನಿನಲ್ಲೇ ಬರೆಸಿ. ಪುಸ್ತಕವನ್ನು ಫೋನಿನಿಂದ ಒಂದಡಿ ದೂರ, ಅಲುಗಾಡದಂತೆ ಹಿಡಿಯಲಿ. ಮೂಗಿಗೆ ತಂದಂತೆ ಹತ್ತಿರ ಹಿಡಿದರೆ ಮುಂದಿನ ಕ್ಯಾಮೆರಾಕ್ಕೆ ಫೋಕಸ್ ಸಿಗದೆ ಮಸುಕಾಗುತ್ತದೆ. ‘ಮಿಸ್, ಅಕ್ಷರ ಉಲ್ಟಾ ಬರ್ತಿದೆ’ ಎಂದು ಕೆಲವರು ಪುಸ್ತಕ ತಿರುಗಿಸಲು ಹೊರಡುತ್ತಾರೆ. ಉಲ್ಟಾ ಕಾಣುವುದು ಅವರ ಸ್ವಂತ ಪರದೆಯಲ್ಲಿ ಮಾತ್ರ, ನಿಮಗೆ ಸರಿಯಾಗೇ ಕಾಣುತ್ತದೆ.

ನಿಮ್ಮ ಸ್ಲೈಡ್ ಮಕ್ಕಳ ಅಂಗೈಯಗಲದ ಫೋನಿನಲ್ಲಿ ಓದಲು ಬರುತ್ತದೆಯೇ? ನಿಮ್ಮದೇ ಇನ್ನೊಂದು ಫೋನಿನಿಂದ ಕ್ಲಾಸಿಗೆ ಸೇರಿ ನೋಡಿ. ಆಡಿಯೊ ಮಾತ್ರ ಜೋಡಿಸಬೇಡಿ, ಒಂದೇ ಕೋಣೆಯಲ್ಲಿ ಎರಡು ಮೈಕ್, ಎರಡು ಸ್ಪೀಕರ್ ಸೇರಿದರೆ ಕಿವಿ ಹರಿಯುವ ಕಿರುಚಾಟ. ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೀನ್ ಷೇರ್ ಮಾಡುವಾಗ ಮರೆಯಾಗುವ ಚಾಟ್ ಕೂಡ, ಮಕ್ಕಳು ಎಲ್ಲರಿಗೂ ಬರೆದದ್ದಾದರೆ, ಇದೇ ಫೋನಿನಲ್ಲಿ ಕಾಣುತ್ತಿರುತ್ತದೆ.

ಹಾಂ, ಜೂಮ್‌ನ ಉಚಿತ ಖಾತೆಯಾದರೆ 40ನೇ ನಿಮಿಷಕ್ಕೆ ಮೀಟಿಂಗ್ ಕಡಿದುಹೋಗುತ್ತದೆ. ಕೊನೆಯ ಪ್ರಶ್ನೆಯನ್ನು 30ನೇ ನಿಮಿಷಕ್ಕೇ ಕೇಳಿ. 38ಕ್ಕೆ ಕೇಳಿದರೆ 43 ಎಂದು ಬರೆದವರು 43 ಎಂದುಕೊಂಡೇ ಹೋಗುತ್ತಾರೆ.